ಗಡಿಯಾಚೆಯ ಇಗರ್ಜಿ

ಕಾಸರಗೋಡು ಸೀಮೆಯಲ್ಲಿ, ಕುಂಬಳೆಯಿಂದ ಬದಿಯಡ್ಕದ ಕಡೆಗೆ ಹೋಗುವ ದಾರಿಯಲ್ಲಿ ಬೇಳವೆಂಬ ಸಣ್ಣ ಗ್ರಾಮವುಂಟು. 1890ರಲ್ಲಿ ಸ್ಥಾಪಿತವಾದ ವ್ಯಾಕುಲ ಮಾತೆಯ ಇಗರ್ಜಿಯೇ ಅದರ ಹೆಗ್ಗುರುತು. ಅಡಕೆ ತೋಟಗಳ ಈ ನಾಡಿನಲ್ಲಿ ಗೋಥಿಕ್ ಶೈಲಿಯ ಅಂಥ ಕಟ್ಟಡವನ್ನು ಕಂಡ ದಾರಿಗನು ಒಂದು ಗಳಿಗೆ ನಿಲ್ಲದೆ ಇರಲಾರನು.

ಇಗರ್ಜಿ ಹುಟ್ಟಿದಾಗ ಊರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಧರ್ಮಾಡಳಿತಕ್ಕೆ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿದ ಮಾತು ವರದಿಯಲ್ಲಿಯೇ ಉಳಿಯಿತು. ಹೀಗೆ ಬೇಳದ ರಾಜಧಾನಿ ತಿರುವನಂತಪುರವಾಯಿತು. ಅದರ ಬಿಷಪರು ಮಾತ್ರ ಇಂದಿಗೂ ಮಂಗಳೂರಿನವರೇ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಮುಖ್ಯವೆಂದು ತೋರುವುದು ಲಿಪಿಯ ಸಂಗತಿ. ಇಲ್ಲಿಯ ಕ್ರೈಸ್ತರಲ್ಲಿ ಬಹುಮಂದಿಯ ಮನೆಮಾತು ಕೊಂಕಣಿ. ಗೋವೆಯಿಂದ ವಲಸೆ ಬಂದ ಹಿರಿಯರ ನುಡಿ ಅದು. ಮಂಗಳೂರು ಸೀಮೆಯ ರೂಢಿಯಂತೆ ಅದನ್ನು ಬರೆಯುವುದು, ಅಚ್ಚುಹಾಕುವುದು ಕನ್ನಡ ಅಕ್ಷರಗಳಲ್ಲಿ. ಶಾಲೆಯಲ್ಲಿ ಕನ್ನಡ ಕಲಿಯದ ಮಗು ಕೊಂಕಣಿಯನ್ನು ಸೊಗಸಾಗಿ ಆಡಬಲ್ಲುದಾದರೂ ಅಜ್ಜಿಯ ಪ್ರಾರ್ಥನೆಯ ಪುಸ್ತಕವನ್ನು ಓದಲಾರದು.

ಗಡಿನಾಡಿನ ಕನ್ನಡ ಶಾಲೆಗಳ ಅಳಿವು ಉಳಿವನ್ನು ಕನ್ನಡಿಗರ ಚಿಂತೆಯೆಂದಷ್ಟೇ ನಾವು ಎಣಿಸುತ್ತ ಬಂದಿದ್ದೇವೆ. ಕೊಂಕಣಿಯೂ ಅದನ್ನೇ ನೆಚ್ಚಿಕೊಂಡಿದೆಯೆಂಬುದನ್ನು ಬೇಳ ನೆನಪಿಸುತ್ತದೆ. ಅಲ್ಲಿ ಒಂದು ಕನ್ನಡ ತರಗತಿ ಮುಚ್ಚಿದರೆ ಎರಡು ಭಾಷೆಗಳಿಗೂ ಓದುಗರು ಕಡಿಮೆಯಾಗುತ್ತಾರೆ.