ಖುಷ್ಕಿ ರಾಗಿಯ ಹೊಲದಲ್ಲಿ ಕಳೆಯ ನಿಗ್ರಹ

ಬಂಗಾರಪೇಟೆ ಮತ್ತು ಕೋಲಾರದ ಚಿನ್ನದ ಗಣಿಗಳ ಸುತ್ತಣ ಸೀಮೆಯು ಮಳೆಯನ್ನೇ ನೆಚ್ಚಿದ ಕೆಂಪು ಭೂಮಿಯಾಗಿರುತ್ತದೆ. ಧಾರವಾಡ, ವಿಜಯಪುರಗಳ ಎರೆಭೂಮಿಗೆ ಗೋಧಿ ಹೇಗೋ ಹಾಗೆ ನಮ್ಮ ಖುಷ್ಕಿಗೆ ರಾಗಿ. ಅಲ್ಲಿನ ರೈತರು ಹಿಂಗಾರಿಗೆ ಗೋಧಿಯನ್ನು ಬಿತ್ತುವುದಕ್ಕೆ ಮುಂಚೆ ಹೊಲವನ್ನು ಮೇಲಿಂದ ಮೇಲೆ ಕುಂಟೆಯಿಂದ ಹರಗಿ, ಕಳೆಯನ್ನು ಕೊಂದು ಹಸಿಯನ್ನು ಕಾಪಾಡಿಕೊಳ್ಳುವರು. ನಮಗೆ ಅಷ್ಟು ಬಿಡುವಿಲ್ಲವಾದರೂ ತತ್ತ್ವವು ಒಂದೇ. ಖುಷ್ಕಿಯಲ್ಲಿ ಕಳೆಯು ಮೊದಲು ಕದಿಯುವುದು ನೀರನ್ನು, ಅನಂತರ ಗೊಬ್ಬರವನ್ನು.

ಬಂಗಾರಪೇಟೆಯ ಮಗ್ಗುಲಿನಲ್ಲಿ ಒಂದೇ ಬದುವಿನ ಎರಡು ಹೊಲಗಳನ್ನು ನಾನು ನೋಡಿದ್ದೇನೆ. ಒಂದರಲ್ಲಿ ರಾಗಿಯನ್ನು ಎರಚಿ, ಆಳು ಸಿಕ್ಕದೆ ಏಳನೆಯ ವಾರದಲ್ಲಿ ಕಳೆ ಕಿತ್ತಿದ್ದರು. ಇನ್ನೊಂದರಲ್ಲಿ ಕೂರಿಗೆಯಿಂದ ಸಾಲು ಬಿತ್ತಿ, ಸಕಾಲಕ್ಕೆ ಎಡೆಕುಂಟೆ ಹೊಡೆದಿದ್ದರು. ನಡುವೆ ಮಳೆ ತಡೆದಾಗ ಮೊದಲನೆಯ ಹೊಲವು ಬಾಡಿತು, ಎರಡನೆಯದು ತಾಳಿಕೊಂಡಿತು.

ಗಣಿಗಳ ಕೆಲಸವು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ನಿಂತ ಮೇಲೆ ಈ ಸೀಮೆಯ ಬಹು ಜನರು ದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವರು. ಬೇಕಾದ ವಾರದಲ್ಲಿ ಕಳೆ ಕೀಳುವ ಕೈಗಳು ದೊರೆಯವು. ಆದಕಾರಣ ಆಳನ್ನು ಹುಡುಕುವುದಕ್ಕಿಂತ ಕಳೆಯು ಹುಟ್ಟದಂತೆ ನೋಡಿಕೊಳ್ಳುವುದೇ ಲೇಸು.

ಮೊದಲನೆಯದಾಗಿ, ಪೈರು ಕೊಯ್ದ ಕೂಡಲೆ ನೆಲದಲ್ಲಿ ಹಸಿಯಿರುವಾಗಲೇ ಮಾಗಿ ಉಳುಮೆ ಮಾಡತಕ್ಕದ್ದು. ಗರಿಕೆಯ ಬೇರೂ ಕೊನ್ನಾರಿಯ ಗೆಡ್ಡೆಯೂ ಮೇಲೆ ಬಂದು ಬೇಸಿಗೆಯ ಬಿಸಿಲಿಗೆ ಒಣಗುವುವು. ಕೊನ್ನಾರಿಯನ್ನು ಮಳೆಗಾಲದಲ್ಲಿ ಕತ್ತರಿಸಿ ಬಿಟ್ಟರೆ ಒಂದೊಂದು ಗೆಡ್ಡೆಯೂ ಬೇರೆ ಬೇರೆ ಚಿಗುರುವುದರಿಂದ, ಅದನ್ನು ಆಯ್ದು ಹೊರಗೆ ಹಾಕಬೇಕು.

ಎರಡನೆಯದಾಗಿ, ಮೊದಲ ಹದಮಳೆಗೆ ಉತ್ತು, ಎಂಟು ಹತ್ತು ದಿನ ಕಳೆಯನ್ನು ಮೊಳೆಯಬಿಟ್ಟು, ಬಿತ್ತುವ ಮುನ್ನ ಕುಂಟೆಯನ್ನು ತೆಳುವಾಗಿ ಹಾಯಿಸಬೇಕು. ಆಳವಾಗಿ ಕದಡಿದರೆ ಹಸಿ ಹಾರಿ, ಕೆಳಗಿನ ಹೊಸ ಬೀಜವು ಮೇಲೆ ಬರುವುದು.

ಮೂರನೆಯದಾಗಿ, ಸುಮಾರು ಒಂದು ಅಡಿ ಅಂತರದ ಸಾಲಿನಲ್ಲಿಯೇ ಬಿತ್ತಬೇಕು. ಎಳೆಯ ಕಾಡುರಾಗಿಯು ರಾಗಿಯನ್ನೇ ಹೋಲುವುದು. ಸಾಲಿದ್ದರೆ ಎಡೆಯಲ್ಲಿ ಎದ್ದುದೆಲ್ಲವೂ ಕಳೆಯೆಂದು ಸುಲಭವಾಗಿ ತಿಳಿಯಬಹುದು. ಮೂರನೆಯ ವಾರದ ಕೊನೆಗೆ ಮೊದಲನೆಯ ಎಡೆಕುಂಟೆ, ಹತ್ತು ಹನ್ನೆರಡು ದಿನಗಳಿಗೆ ಎರಡನೆಯದು, ಬಳಿಕ ಸಾಲಿನೊಳಗಿನದನ್ನು ಕೈಯಿಂದ ತೆಗೆಯುವುದು. ಮೊದಲ ಐದು ವಾರ ಹೊಲವು ಶುದ್ಧವಾಗಿದ್ದರೆ, ಆಮೇಲೆ ರಾಗಿಯೇ ಹರಡಿ ಕಳೆಯನ್ನು ಅದುಮುವುದು. ಹೀಗೆ ಎಳೆಯದರಲ್ಲಿ ಕಿತ್ತ ಅಣ್ಣೆಯೇ ಮೊದಲಾದುವು ಮನೆಗೆ ಬೆರಕೆ ಸೊಪ್ಪಾಗಿಯೂ ಒದಗುವುವು.

ಕಳೆನಾಶಕ ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆ. ೨,೪-ಡಿ ಎಂಬುದು ಅಗಲ ಎಲೆಯ ಕಳೆಯನ್ನು ಕೊಂದು ರಾಗಿಯನ್ನು ಉಳಿಸುವುದು ನಿಜ. ಆದರೆ ನಮ್ಮ ಅಕ್ಕಡಿ ಸಾಲಿನ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳುಗಳೂ ಅಗಲ ಎಲೆಯವೇ. ಕಳೆಯೊಡನೆ ಮನೆಯ ಬೇಳೆಕಾಳನ್ನೂ ಸುಟ್ಟುಕೊಳ್ಳುವುದು ವಿವೇಕವಲ್ಲ. ಅಕ್ಕಡಿಯಿರುವ ಹೊಲಕ್ಕೆ ಎಡೆಕುಂಟೆಯೇ ತಕ್ಕ ಸಾಧನ.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ. ಪಾರ್ಥೇನಿಯಂ ಗಿಡವೊಂದು ಹತ್ತು ಸಾವಿರಕ್ಕೂ ಮೀರಿ ಬೀಜ ಬಿಡಬಲ್ಲುದು. ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋ ದೇಶದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನ ಕಡೆ ಬಿಟ್ಟರು. ಆದರೂ ಅದೊಂದರಿಂದಲೇ ಕಾರ್ಯ ಮುಗಿಯದು. ಒಬ್ಬನು ತನ್ನ ಹೊಲವನ್ನು ಶುದ್ಧಪಡಿಸಿ, ಕೆರೆಯ ಏರಿ, ಗಾಡಿದಾರಿ, ಬೀಳುಗಳಲ್ಲಿ ಅದು ಹೂ ಬಿಟ್ಟರೆ ಶ್ರಮವೆಲ್ಲ ವ್ಯರ್ಥ. ಮುಖಂಡರು ಒಂದು ದಿನವನ್ನು ಗೊತ್ತುಮಾಡಿ, ನೆಲ ನೆನೆದಿರುವಾಗ, ಹೂ ಬರುವ ಮುನ್ನವೇ, ಊರಿನವರೆಲ್ಲ ಸೇರಿ ಬೇರುಸಹಿತ ಕೀಳುವಂತೆ ಏರ್ಪಡಿಸಬೇಕು. ಮೈಗೆ ತಾಕಿದರೆ ತುರಿಕಜ್ಜಿಯಾಗುವುದರಿಂದ ಕೈಚೀಲ ತೊಡುವುದನ್ನು ಮರೆಯಬಾರದು. ಹೂವಿಲ್ಲದ ಗಿಡವನ್ನು ಗುಂಡಿಯಲ್ಲಿ ಕೊಳೆಯಿಸಿದರೆ ಅದೇ ಗೊಬ್ಬರವಾಗಿ ಹೊಲಕ್ಕೆ ಹಿಂದಿರುಗುವುದು.