ಹೊಸ ಸಂತೆಗೆ ಯಾರು ಬರುತ್ತಾರೆ?

ಮಡಕಶಿರಾದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಅನೇಕ ರೈತರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಹುಳು ಗೂಡು ಕಟ್ಟಿದ ಮೇಲೆ ಅದನ್ನು ಹೆಚ್ಚು ದಿನ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ನೂಲು ಬಿಚ್ಚಲು ಆಗುವುದಿಲ್ಲ. ಆದುದರಿಂದ ರೈತರು ಗೂಡು ಬಿಡಿಸಿದ ಕೂಡಲೇ ಮಾರುಕಟ್ಟೆಗೆ ಹೊರಡುತ್ತಾರೆ. ಇಲ್ಲಿನವರಿಗೆ ಹಿಂದೂಪುರದ ಗೂಡಿನ ಮಾರುಕಟ್ಟೆ ಬಹಳ ಪರಿಚಿತ.

ಅಲ್ಲಿಗೇ ಏಕೆ ಹೋಗಬೇಕು? ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳು ಅಲ್ಲಿಗೆ ಬರುತ್ತಾರೆ. ರೀಲರುಗಳು ಅಲ್ಲಿಗೇ ಏಕೆ ಬರುತ್ತಾರೆ? ರೈತರು ಅಲ್ಲಿಗೆ ಗೂಡು ತರುತ್ತಾರೆ!

ಈಗ ಹೀಗೆಂದು ಊಹಿಸಿ. ಇನ್ನೊಂದು ಊರಿನಲ್ಲಿ ಯಾರೋ ಒಂದು ಹೊಸ ಮಾರುಕಟ್ಟೆ ಕಟ್ಟಿದರು. ಕಟ್ಟಡ ಚೆನ್ನಾಗಿದೆ, ನೆರಳಿದೆ, ನೀರಿದೆ. ಆದರೆ ರೈತನು “ಕೊಳ್ಳುವವರು ಬಂದಿದ್ದಾರೆಯೇ?” ಎಂದು ಕೇಳುತ್ತಾನೆ. ಕೊಳ್ಳುವವನು “ಗೂಡು ಬಂದಿದೆಯೇ?” ಎಂದು ಕೇಳುತ್ತಾನೆ. ಇವನು ಬರಲಿ ಎಂದು ಅವನು, ಅವನು ಬರಲಿ ಎಂದು ಇವನು ಕಾಯುತ್ತಾರೆ. ಕಟ್ಟಡ ಖಾಲಿಯಾಗಿಯೇ ಉಳಿಯುತ್ತದೆ. ತಪ್ಪು ಕಟ್ಟಡದ್ದಲ್ಲ, ಜನ ಸೇರಲಿಲ್ಲ, ಅಷ್ಟೆ.

ಮೊಬೈಲು ಫೋನಿನ ಲೋಕದಲ್ಲಿಯೂ ಇದೇ ನಡೆಯುತ್ತದೆ. ಹೇಗೆ ಎಂಬುದನ್ನು ತಿಳಿಯೋಣ.

ಫೋನಿನ ಒಳಗೆ ಏನಿದೆ?

ನೀವು ಪರದೆಯನ್ನು ಮುಟ್ಟಿದಾಗ ಚಿತ್ರ ತೆರೆಯುತ್ತದೆ, ಹಾಡು ಕೇಳಿಸುತ್ತದೆ, ಅಕ್ಷರಗಳು ಮೂಡುತ್ತವೆ. ಈ ಕೆಲಸಗಳನ್ನೆಲ್ಲ ಒಳಗಿರುವ ಒಂದು ದೊಡ್ಡ ತಂತ್ರಾಂಶ ನಡೆಸುತ್ತದೆ. ಅದಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಆಟ, ನಕ್ಷೆ, ಸಂದೇಶ, ಹಣ ಕಳಿಸುವುದು ಇಂತಹ ಬೇರೆ ಬೇರೆ ಕೆಲಸಗಳಿಗಾಗಿ ಆ್ಯಪ್‌ಗಳಿವೆ. ಅವು ಈ ವ್ಯವಸ್ಥೆಯ ಮೇಲೆ ಕುಳಿತು ಕೆಲಸ ಮಾಡುತ್ತವೆ. ಆದುದರಿಂದ ಇದನ್ನು ವೇದಿಕೆ ಎಂದೂ ಕರೆಯುತ್ತಾರೆ.

ಇಂದು ಎರಡು ವೇದಿಕೆಗಳು ದೊಡ್ಡವು. ಒಂದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್. ಇನ್ನೊಂದು ಆಪಲ್ ಸಂಸ್ಥೆಯ ಐಒಎಸ್. ಆಪಲ್ ತನ್ನ ಮೊದಲ ಐಫೋನನ್ನು 2007ರಲ್ಲಿ ಮಾರಾಟಕ್ಕೆ ತಂದಿತು. ಮೊದಲ ಆಂಡ್ರಾಯ್ಡ್ ಫೋನು 2008ರಲ್ಲಿ ಬಂದಿತು. ನಮ್ಮ ದೇಶದಲ್ಲಿ ನೂರು ಸ್ಮಾರ್ಟ್‌ಫೋನುಗಳಿದ್ದರೆ ಅವುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಆಂಡ್ರಾಯ್ಡ್ ಫೋನುಗಳೇ.

ಒಂದು ವೇದಿಕೆಗಾಗಿ ಮಾಡಿದ ಆ್ಯಪ್ ಸಾಮಾನ್ಯವಾಗಿ ಇನ್ನೊಂದರಲ್ಲಿ ನಡೆಯುವುದಿಲ್ಲ. ರಾಯದುರ್ಗದಲ್ಲಿ ಜೀನ್ಸ್ ಬಟ್ಟೆ ಹೊಲಿಯುವ ಕೆಲಸ ನಡೆಯುವುದು ನಿಮಗೆ ಗೊತ್ತು. ಒಬ್ಬರ ಅಳತೆಗೆ ಕತ್ತರಿಸಿದ ಬಟ್ಟೆ ಮತ್ತೊಬ್ಬರಿಗೆ ಹೊಂದುವುದಿಲ್ಲ. ಮತ್ತೆ ಅಳೆದು, ಕತ್ತರಿಸಿ, ಹೊಲಿಯಬೇಕು. ಆ್ಯಪ್ ಕೂಡ ಹಾಗೆಯೇ. ಹೊಸ ವೇದಿಕೆಗಾಗಿ ಅದನ್ನು ಮತ್ತೆ ಸಿದ್ಧಪಡಿಸಲು ಸಮಯ, ಶ್ರಮ, ಹಣ ಬೇಕು. “ಅಲ್ಲಿ ಬಳಸುವವರು ಎಷ್ಟು ಮಂದಿ?” ಎಂದು ಆ್ಯಪ್ ಮಾಡುವವರು ಕೇಳುತ್ತಾರೆ. “ಅಲ್ಲಿ ನಮಗೆ ಬೇಕಾದ ಆ್ಯಪ್ ಇದೆಯೇ?” ಎಂದು ಬಳಸುವವರು ಕೇಳುತ್ತಾರೆ. ಖಾಲಿ ಮಾರುಕಟ್ಟೆಯ ಕತೆ ಇಲ್ಲಿಯೂ ಬಂದಿತಲ್ಲವೇ?

ದೊಡ್ಡವರೂ ಸೋತರು

ಮೈಕ್ರೋಸಾಫ್ಟ್ ಜಗತ್ತಿನ ದೊಡ್ಡ ಸಂಸ್ಥೆಗಳಲ್ಲಿ ಒಂದು. ಅದು 2010ರಲ್ಲಿ ವಿಂಡೋಸ್ ಫೋನ್ ಎಂಬ ಹೊಸ ವೇದಿಕೆಯನ್ನು ತಂದಿತು. ನಮ್ಮ ಹಳ್ಳಿಹಳ್ಳಿಗೂ ಪರಿಚಿತವಾಗಿದ್ದ ನೋಕಿಯಾ ಸಂಸ್ಥೆ 2011ರಲ್ಲಿ ಅದರ ಜೊತೆ ಸೇರಿತು. ಆ ಫೋನುಗಳು ಗಟ್ಟಿಯಾಗಿದ್ದವು, ನೋಡಲು ಅಂದವಾಗಿದ್ದವು. ಕ್ಯಾಮೆರಾ ಕೂಡ ಚೆನ್ನಾಗಿತ್ತು.

ಆದರೆ ಅಷ್ಟರಲ್ಲಿ ಜನರು ಬೇರೆ ಎರಡು ವೇದಿಕೆಗಳಲ್ಲಿ ಸೇರಿಬಿಟ್ಟಿದ್ದರು. ಮೈಕ್ರೋಸಾಫ್ಟ್ ಆ್ಯಪ್ ಮಾಡುವವರಿಗೆ ಹಣ ಕೊಟ್ಟು ಕರೆಯಿತು. ಆದರೂ ಎಲ್ಲರೂ ಬರಲಿಲ್ಲ. ಇನ್ಸ್ಟಾಗ್ರಾಂ ಆ್ಯಪ್ ಅಲ್ಲಿಗೆ ಬಂದದ್ದು 2013ರ ನವೆಂಬರಿನಲ್ಲಿ. ಯೂಟ್ಯೂಬ್ ಗೂಗಲ್ ಸಂಸ್ಥೆಯದು. ಆಂಡ್ರಾಯ್ಡ್ ಕೂಡ ಅದರದೇ. ಮೈಕ್ರೋಸಾಫ್ಟ್ ತಾನೇ ಮಾಡಿಕೊಂಡ ಯೂಟ್ಯೂಬ್ ಆ್ಯಪನ್ನು ಗೂಗಲ್ 2013ರಲ್ಲಿ ತಡೆಯಿತು. ಜನಪ್ರಿಯ ಸರಕು ಎದುರು ಅಂಗಡಿಯವರ ಕೈಯಲ್ಲಿದ್ದರೆ ಹೊಸ ಅಂಗಡಿಗೆ ಎಷ್ಟು ಕಷ್ಟ ನೋಡಿ!

2014ರಲ್ಲಿ ಮೈಕ್ರೋಸಾಫ್ಟ್ ನೋಕಿಯಾದ ಫೋನ್ ವ್ಯಾಪಾರವನ್ನೇ ಕೊಂಡಿತು. ಅದರಿಂದಲೂ ಪ್ರಯೋಜನವಾಗಲಿಲ್ಲ. 2019ರ ಕೊನೆಯಲ್ಲಿ ಆ ಫೋನುಗಳಿಗೆ ವಾಟ್ಸ್ಆ್ಯಪ್ ನಿಂತಿತು. 2020ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಹ ಆ ವೇದಿಕೆಯನ್ನು ನೋಡಿಕೊಳ್ಳುವುದನ್ನು ಬಿಟ್ಟಿತು. ಕೊಂಡವರ ಕೈಯಲ್ಲಿ ಫೋನು ಉಳಿಯಿತು, ಅದರ ಉಪಯೋಗ ಕಡಿಮೆಯಾಯಿತು.

ಬೆಂಗಳೂರಿನ ಸಿಂಪ್ಯೂಟರ್

ಇದಕ್ಕಿಂತ ಮೊದಲೇ ನಮ್ಮ ಪಕ್ಕದ ಬೆಂಗಳೂರಿನಲ್ಲಿ ಒಂದು ಒಳ್ಳೆಯ ಪ್ರಯತ್ನ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಎಂಬ ವಿಜ್ಞಾನಿಗಳು ಎನ್‌ಕೋರ್ ಸಂಸ್ಥೆಯವರ ಜೊತೆ ಸೇರಿ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರನ್ನು ರೂಪಿಸಿದರು. ಅದರ ಹೆಸರು ಸಿಂಪ್ಯೂಟರ್. 2001ರಲ್ಲಿ ಅದರ ಮಾದರಿ ಸಿದ್ಧವಾಯಿತು. ಓದಲು ಬಾರದ ಹಳ್ಳಿಗರಿಗೂ ಅದು ಉಪಯೋಗವಾಗಬೇಕು ಎಂಬುದು ಅವರ ಆಸೆ. ಆದುದರಿಂದ ಬರಹವನ್ನು ಕನ್ನಡ, ಹಿಂದಿಯಂತಹ ಭಾಷೆಗಳಲ್ಲಿ ಗಟ್ಟಿಯಾಗಿ ಓದಿ ಹೇಳುವಂತೆ ಅದನ್ನು ಮಾಡಿದರು. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಕಾರ್ಡು ಹಾಕಿ ಬಳಸಬಹುದಾಗಿತ್ತು.

2004ರಲ್ಲಿ ಅದು ಅಂಗಡಿಗೆ ಬಂದಾಗ ಕಡಿಮೆ ಬೆಲೆಯದಕ್ಕೂ ಸುಮಾರು 10,000 ರೂಪಾಯಿ ಆಗಿತ್ತು. ಬಡವರಿಗೆ ಅದು ದೊಡ್ಡ ಮೊತ್ತ. ಅದರಲ್ಲಿ ನಡೆಯುವ ತಂತ್ರಾಂಶಗಳೂ ಕೆಲವೇ. ಅದೇ ವರ್ಷಗಳಲ್ಲಿ ಮಾತಾಡುವ ಮೊಬೈಲುಗಳು ಅಗ್ಗವಾದವು. ಸಿಂಪ್ಯೂಟರ್ ಕೆಲವೇ ಸಾವಿರ ಮಾರಾಟವಾಗಿ ನಿಂತುಹೋಯಿತು. ಯೋಚನೆ ಒಳ್ಳೆಯದೇ, ಜೊತೆಗೆ ಬರಬೇಕಾದವರು ಬರಲಿಲ್ಲ.

ಒಬ್ಬರು ಗೆದ್ದ ಬಗೆ

ಹಾಗಾದರೆ ಹೊಸಬರಿಗೆ ದಾರಿಯೇ ಇಲ್ಲವೇ? ಇದೆ. 2017ರಲ್ಲಿ ಜಿಯೋಫೋನ್ ಬಂದಿತು. ಅದರಲ್ಲಿದ್ದದ್ದು ಆಂಡ್ರಾಯ್ಡ್ ಅಲ್ಲ, ಕೈಓಎಸ್ ಎಂಬ ಬೇರೆ ವೇದಿಕೆ. ಅದು ದೊಡ್ಡ ಫೋನುಗಳ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಗುಂಡಿ ಒತ್ತುವ ಫೋನನ್ನೇ ಬಳಸುತ್ತಿದ್ದವರ ಬಳಿ ಹೋಯಿತು. ಕೊಳ್ಳುವಾಗ 1,500 ರೂಪಾಯಿ ಠೇವಣಿ ಇಟ್ಟರೆ ಸಾಕಾಗಿತ್ತು. ಮೊದಲು ಅದರಲ್ಲಿ ವಾಟ್ಸ್ಆ್ಯಪ್ ಇರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಅದೂ ಬಂದಿತು. ಆ ಫೋನು ಕೋಟಿಗಟ್ಟಲೆ ಜನರ ಕೈ ಸೇರಿತು. ಬೇರೆಯವರು ಗಮನಿಸದ ಜನರನ್ನು ಹುಡುಕಿದ್ದು, ಅವರಿಗೆ ಅತಿ ಮುಖ್ಯವಾದುದನ್ನು ತಂದುಕೊಟ್ಟದ್ದು, ಇವೇ ಅದರ ಗುಟ್ಟು.

ಎರಡೇ ವೇದಿಕೆಗಳಿದ್ದರೆ ನಮಗೇನು ನಷ್ಟ ಎಂದು ನೀವು ಕೇಳಬಹುದು. ಊರಿಗೆಲ್ಲ ಒಂದೇ ಅಂಗಡಿ ಇದ್ದರೆ ಅಂಗಡಿಯವರು ಹೇಳಿದ್ದೇ ಬೆಲೆ, ಕೊಟ್ಟದ್ದೇ ಸರಕು. ಆಂಡ್ರಾಯ್ಡ್ ಫೋನು ತಯಾರಿಸುವವರು ತನ್ನ ಹಲವು ಆ್ಯಪ್‌ಗಳನ್ನು ಒಟ್ಟಿಗೆ ಹಾಕಲೇಬೇಕೆಂದು ಗೂಗಲ್ ಕಟ್ಟುಪಾಡು ಮಾಡಿತ್ತು. ಇದು ಸರಿಯಲ್ಲವೆಂದು ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಹೊಸಬರಿಗೂ ಬಾಗಿಲು ತೆರೆದಿರಬೇಕು ಎಂಬುದೇ ಇಂತಹ ಆಯೋಗದ ಕೆಲಸ.

ನಮ್ಮ ಅಕ್ಷರಗಳ ಮಾತು

ರಾಯದುರ್ಗದಲ್ಲಿಯೂ, ಮಡಕಶಿರಾದಲ್ಲಿಯೂ ಕನ್ನಡ, ತೆಲುಗು ಎರಡೂ ಬಾಳುತ್ತಿವೆ. ಮಡಕಶಿರಾ 2022ರವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಶಾಲೆಯಲ್ಲಿ ಕನ್ನಡ ಓದುವ ಮಗು ಬಸ್ಸಿನ ಹಲಗೆಯನ್ನು ತೆಲುಗಿನಲ್ಲಿ ಓದುತ್ತದೆ. ಇಲ್ಲಿ ನಡೆಯಬೇಕಾದ ಫೋನು ಎರಡು ಲಿಪಿಗಳನ್ನೂ ಬಲ್ಲದ್ದಾಗಿರಬೇಕು.

ಮೊದಲ ಆಂಡ್ರಾಯ್ಡ್ ಫೋನುಗಳಿಗೆ ಅದು ಬರುತ್ತಿರಲಿಲ್ಲ. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಭಾಷೆಗಳು ಸೇರಿದವು. ಬಳಸುವವರು ಇದ್ದಾರೆಂದು ತಿಳಿದರೆ ತಯಾರಿಸುವವರು ಮುಂದೆ ಬರುತ್ತಾರೆ. ಯಾರೂ ಬಳಸದಿದ್ದರೆ “ಇದು ಯಾರಿಗೂ ಬೇಡ” ಎಂದುಕೊಳ್ಳುತ್ತಾರೆ. ವೇದಿಕೆಯನ್ನು ನಾವು ಕಟ್ಟಲಾರೆವು. ಆದರೆ ಅದರ ಮೇಲೆ ಯಾವ ಭಾಷೆ ನಿಲ್ಲಬೇಕು ಎಂಬುದರಲ್ಲಿ ನಮ್ಮ ಪಾಲೂ ಇದೆ. ಮನೆಯ ಫೋನಿನಲ್ಲಿ ಅಜ್ಜಿಗೋ ಮಾವನಿಗೋ ಸಂದೇಶ ಕಳಿಸುವಾಗ ಕನ್ನಡ ಅಕ್ಷರಗಳಲ್ಲಿಯೇ ಬರೆಯಿರಿ. ಅದು ಒಂದು ಸಂದೇಶವೂ ಹೌದು, ಒಂದು ಎಣಿಕೆಯೂ ಹೌದು.

ಅಭ್ಯಾಸ

1. ರೇಷ್ಮೆಗೂಡನ್ನು ಬೇಗ ಮಾರಬೇಕು. ಏಕೆ?
2. ವಿಂಡೋಸ್ ಫೋನ್ ಚೆನ್ನಾಗಿದ್ದರೂ ಏಕೆ ಸೋತಿತು?
3. ಜಿಯೋಫೋನ್ ಮತ್ತು ಸಿಂಪ್ಯೂಟರ್ ಇವುಗಳಿಗಿರುವ ವ್ಯತ್ಯಾಸವೇನು?
4. ನಿಮ್ಮ ಊರಿನ ಸಂತೆ ಯಾವ ವಾರ ನಡೆಯುತ್ತದೆ? ಅಲ್ಲಿಗೇ ಏಕೆ ಬರುತ್ತೀರಿ ಎಂದು ಒಬ್ಬ ವ್ಯಾಪಾರಿಯನ್ನೂ ಒಬ್ಬ ಕೊಳ್ಳುವವರನ್ನೂ ಕೇಳಿ, ಅವರ ಉತ್ತರಗಳನ್ನು ಬರೆಯಿರಿ.