ನಿಮಗಿದು ಗೊತ್ತೆ? ಮಲೇರಿಯಾ ಇಳಿಕೆಯ ಲೆಕ್ಕ

ಹಗರೆ, ಹಳೇಬೀಡು, ಅರಸೀಕೆರೆ ಸೀಮೆಯಲ್ಲಿರುವಂಥ ಕೆರೆ, ಬಾವಿಗಳ ನಿಂತ ನೀರು ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ತವರು. ಕರ್ನಾಟಕದ ಹಳ್ಳಿಗಳಲ್ಲಿ ಬಾವಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ಟು, ಸೊಳ್ಳೆಮರಿಗಳನ್ನು ನೀರಲ್ಲೇ ತಿನ್ನಿಸಿದ್ದು ಒಳ್ಳೆಯ ಫಲ ಕೊಟ್ಟಿದೆ.

ರೋಗ ಇಳಿಯಿತೆಂದು ತಿಳಿಯುವುದು ಹೇಗೆ? ಸಾವಿರ ಜನರಲ್ಲಿ ವರ್ಷಕ್ಕೆ ಎಷ್ಟು ಮಂದಿಗೆ ಸೋಂಕು ದೃಢಪಟ್ಟಿತು ಎಂಬುದೇ ಅಳತೆ. 30,000 ಜನರಿರುವ ಕಡೆ 60 ಪ್ರಕರಣ ಕಂಡರೆ ಸೂಚ್ಯಂಕ 2. ಆದರೆ ಅಂಕಿ ಇಳಿದಾಕ್ಷಣ ನಂಬಬಾರದು. ಬೆರಳ ತುದಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ತೆಗೆಯುವ ರಕ್ತಲೇಪನಗಳೇ ಕಡಿಮೆಯಾದರೆ ರೋಗವೂ ಕಡಿಮೆಯಾದಂತೆ ಕಾಣುತ್ತದೆ! ಅದಕ್ಕೇ ವರ್ಷಕ್ಕೆ ಜನಸಂಖ್ಯೆಯ ಶೇ 10ರಷ್ಟಾದರೂ ರಕ್ತಪರೀಕ್ಷೆ ಆಗಬೇಕೆಂಬ ಮಾನದಂಡ. ಮನೆಮನೆಗೆ ಹೋಗಿ ರಕ್ತಲೇಪನ ತೆಗೆಯುವ ಆಶಾ ಕಾರ್ಯಕರ್ತೆಯರ ಶ್ರಮಕ್ಕೆ ಇಲ್ಲಿ ಬೆಲೆ ಕಟ್ಟಲಾಗದು.

ರೋಗ ಮುಂದೆ ಏರುವುದೋ ಇಳಿಯುವುದೋ ಎಂಬ ಮುನ್ನಂದಾಜಿಗೆ ಹಲವು ವರ್ಷಗಳ ತಿಂಗಳವಾರು ಅಂಕಿಗಳ ಜತೆ ಮಳೆ, ತಾಪಮಾನವನ್ನೂ ನೋಡುತ್ತಾರೆ. ರೋಗ ನಿರ್ಮೂಲನೆಯ ಕೊನೆಯ ಹಂತವೇ ಕಷ್ಟ: ದೂರದ ಊರಿನಿಂದ ಸೋಂಕು ಹೊತ್ತು ಬಂದ ಒಬ್ಬರಿಂದಲೂ ಪ್ರಕರಣಗಳ ರೇಖೆ ಮತ್ತೆ ಮೇಲೇರಬಹುದು.

2030ಕ್ಕೆ ಮಲೇರಿಯಾ ಮುಕ್ತವಾಗುವುದು ಭಾರತದ ಗುರಿ. ಸತತ 3 ವರ್ಷ ಸ್ಥಳೀಯವಾಗಿ ಒಂದೂ ಪ್ರಕರಣ ಹುಟ್ಟದಿದ್ದರಷ್ಟೇ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ. ನೆರೆಯ ಶ್ರೀಲಂಕಾ ಅದನ್ನು 2016ರಲ್ಲೇ ಪಡೆಯಿತು.